ಗಂಟೆ ಬಾರಿಸಿದ ಮೇಲಿನ ತೊಂಬತ್ತು ದಿನ

ಕಲ್ಲುಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಗುಡ್ಡಗಳ ಆಚೆ ಒಬ್ಬ ಮುದುಕಿ ಇದ್ದಳಂತೆ. ಅವಳಿಗೊಂದು ಮನೆ, ಮನೆಗೊಂದೇ ತೊಲೆ. ಒಂದು ದಿನ ಆ ತೊಲೆ ಲಟಕ್ಕನೆ ಮುರಿಯಿತು. ಮಾಳಿಗೆ ಇನ್ನೇನು ತಲೆಯ ಮೇಲೆ ಬಿತ್ತು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಅತಿಥಿ ಕಾಣಿಸಿಕೊಂಡ. ಆನೆಯಂಥ ಮೈ, ಹಾಲಿನಂಥ ಬಣ್ಣ. ಒಂದು ಮಾತೂ ಆಡದೆ ಒಳಗೆ ಬಂದವನು ಮುರಿದ ತೊಲೆಗೆ ಹೆಗಲು ಕೊಟ್ಟು ಕುಳಿತುಬಿಟ್ಟ. ಮಾಳಿಗೆ ನಿಂತಿತು. ಊರಿಗೆ ಊರೇ ಬಂದು ಕೈ ಮುಗಿಯಿತು. ಮುದುಕಿ ಅವನ ಕಾಲು ತೊಳೆದಳು, ಉಣ್ಣಲಿಕ್ಕಿಟ್ಟಳು, ನಿನ್ನ ಹೆಸರೇನಪ್ಪ, ನಿನ್ನ ಊರು ಯಾವುದಪ್ಪ ಎಂದು ಎಲ್ಲವನ್ನೂ ಕೇಳಿದಳು. ಒಂದನ್ನು ಮಾತ್ರ ಕೇಳಲಿಲ್ಲ: ಯಾವಾಗ ಹೋಗುತ್ತೀ?

ಅತಿಥಿ ಕುಳಿತದ್ದು ಬಚ್ಚಲ ಮೋರಿಯ ಬಾಯಿಯ ಮೇಲೆ.

ಗುರುಬಾಯಿ ಆಯಿ ಕಥೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. "ಮುಂದ?" ಎಂದು ಮೊಮ್ಮಗಳು ಸೆರಗು ಎಳೆದರೆ, "ಮುಂದೇನು ಬಂತು, ನೀರು ಮನ್ಯಾಗ ನಿಂತಿತು. ಹೋಗ, ನನಗ ನೂಲು ಸುತ್ತೂದೈತಿ" ಎಂದು ರಾಟೆಗೆ ತಿರುಗುತ್ತಿದ್ದಳು. ಮೊಮ್ಮಗಳು ಸಾವಂತ್ರಿ ರಾತ್ರಿಯೆಲ್ಲ ಆ ಮನೆಯೊಳಗೆ ನಿಂತ ನೀರನ್ನು ಕನಸಿನಲ್ಲಿ ಕಾಣುತ್ತಿದ್ದಳು.

ಆ ಸಾವಂತ್ರಿಗೆ ಈಗ ಇಪ್ಪತ್ತೇಳು. ಶತಮಾನವೂ ಅರ್ಧ ದಾಟಿತ್ತು. ಗುಳೇದಗುಡ್ಡದ ಅವರ ಓಣಿಯಲ್ಲಿ ಉಳಿದಿದ್ದ ಹನ್ನೊಂದು ಕೈಮಗ್ಗಗಳಲ್ಲಿ ಒಂದು ಅವಳ ಅವ್ವ ಕಲ್ಲವ್ವನದು. ಕಲ್ಲವ್ವ ಕುಪ್ಪಸದ ಖಣ ನೇಯುತ್ತಿದ್ದಳು, ಆಯಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸಾವಂತ್ರಿ ದಿನಾ ಬೆಳಗಿನ ಬಸ್ಸು ಹಿಡಿದು ಬಾಗಲಕೋಟೆಯ ಹೊರಗಿನ 'ಪ್ರಾಣಪಥ' ನಿಯಂತ್ರಣ ಕೊಠಡಿಗೆ ಹೋಗುತ್ತಿದ್ದಳು.

ಪ್ರಾಣಪಥದ ನೀಲಿ ಪೆಟ್ಟಿಗೆಗಳು ಹೆದ್ದಾರಿಯ ಪ್ರತಿ ಎಂಟು ಕಿಲೋಮೀಟರಿಗೆ ಒಂದರಂತೆ ಕಂಬಗಳಲ್ಲಿ ನೇತಾಡುತ್ತಿದ್ದವು. ಅಪಘಾತವಾಯಿತು, ರಕ್ತ ಹರಿಯಿತು ಅನ್ನಿ. ದಾರಿಹೋಕ ಯಾರೇ ಆಗಲಿ ಪೆಟ್ಟಿಗೆ ತೆರೆದು ಅದರ ಪಟ್ಟಿಯನ್ನು ಗಾಯಾಳುವಿನ ಮೊಣಕಾಲ ಕೆಳಗೆ ಕಟ್ಟಿದರೆ ಸಾಕು. ಪಟ್ಟಿಯೊಳಗಿನ ಸೂಜಿ ತಾನೇ ಎಲುಬಿನೊಳಗೆ ದಾರಿ ಮಾಡಿಕೊಳ್ಳುತ್ತಿತ್ತು. ರಕ್ತದೊತ್ತಡ, ನಾಡಿ, ಮುಖ, ಎಲ್ಲ ಕೊಠಡಿಯ ಪರದೆಗೆ ಬರುತ್ತಿದ್ದವು. ಅಲ್ಲಿ ಕುಳಿತವರು ನೋಡಿ, ಧೈರ್ಯದ ಮಾತು ಹೇಳಿ, ಒಪ್ಪಿಗೆಯ ಗುಂಡಿ ಒತ್ತಿದರೆ ಪೆಟ್ಟಿಗೆ ದ್ರವ ಹರಿಸುತ್ತಿತ್ತು.

ಕಾಗದದಲ್ಲಿ ಅದರ ಹೆಸರು ಅಕ್ಷಯದ್ರವ. ಆದರೆ ಅದು ಗೋವಿನಜೋಳದ ಪಿಷ್ಟದಿಂದ ಮಾಡಿದ್ದೆಂದು ಗೊತ್ತಾದ ದಿನವೇ ಜನ ಅದಕ್ಕೆ ಗಂಜಿ ಎಂದು ಹೆಸರಿಟ್ಟಿದ್ದರು. ದಾರಿಯಲ್ಲಿ ಬಿದ್ದು ಎದ್ದುಬಂದವರನ್ನು "ಗಂಜಿ ಮಂದಿ" ಎನ್ನುತ್ತಿದ್ದರು. "ಏನ್ಲೇ ಗಂಜಿ, ಗರಿಗರಿ ಆಗಿಯಲ್ಲ!" ಎಂದು ಚಹಾದಂಗಡಿಯಲ್ಲಿ ಚುಡಾಯಿಸುತ್ತಿದ್ದರು.

ಸಂಗತಿ ಇಷ್ಟೇ. ರಕ್ತ ಸೋರಿದ ಮೈಗೆ ಉಪ್ಪುನೀರು ಕೊಟ್ಟರೆ ಅದು ನಾಳದಲ್ಲಿ ನಿಲ್ಲುವುದಿಲ್ಲ, ಬಹುಪಾಲು ಸುತ್ತಲಿನ ಮಾಂಸಕ್ಕೆ ಜಾರುತ್ತದೆ. ಆದ್ದರಿಂದ ಬಹಳ ಬೇಕು. ಪಿಷ್ಟದ ದೊಡ್ಡ ದೊಡ್ಡ ಕಣಗಳು ನಾಳದ ಗೋಡೆ ದಾಟಲಾರವು. ಅವು ಒಳಗೇ ಉಳಿದು ನೀರನ್ನೂ ಹಿಡಿದುಕೊಳ್ಳುತ್ತವೆ, ಒತ್ತಡ ಏರುತ್ತದೆ. ಮಾಮೂಲಿ ಪಿಷ್ಟವನ್ನಾದರೆ ಮೈಯೊಳಗಿನ ಕಿಣ್ವದ ಕತ್ತರಿಗಳು ಗಳಿಗೆಯಲ್ಲಿ ತುಂಡರಿಸಿ ಸಕ್ಕರೆ ಮಾಡಿಬಿಡುತ್ತವೆ. ಅದಕ್ಕೇ ರಸಾಯನದವರು ಅದರ ಎಳೆಗಳ ಮೇಲೆ ಸಣ್ಣ ಮುಳ್ಳುಗಳನ್ನು ನೆಟ್ಟಿದ್ದರು. ಕತ್ತರಿ ಜಾರುತ್ತದೆ, ಗಂಜಿ ಉಳಿಯುತ್ತದೆ. ಅಜ್ಜಂದಿರ ಕಾಲದಲ್ಲೂ ಇಂಥದೊಂದು ಬಂದು, ಮೂತ್ರಪಿಂಡ ಕೆಡಿಸುತ್ತದೆಂದು ಮೂಲೆ ಸೇರಿತ್ತು. ಇದು ಹೊಸದು, ಇದರ ಮುಳ್ಳುಗಳು ಒಂದೇ ದಿನದಲ್ಲಿ ತಾವಾಗಿ ಉದುರುತ್ತವೆ ಎಂದು ಪುಸ್ತಿಕೆ ಹೇಳುತ್ತಿತ್ತು. ಗಂಜಿ ಪೆಟ್ಟಿಗೆಯಲ್ಲಿ ಪುಡಿಯಾಗಿರುತ್ತಿತ್ತು; ಪೆಟ್ಟಿಗೆ ಗಾಳಿಯಿಂದ ಹಿಂಡಿಕೊಳ್ಳಬಲ್ಲ ನೀರು ಅರ್ಧ ಲೀಟರು. ಪುಡಿಗೆ ಅಷ್ಟು ಸಾಕು. ಉಪ್ಪುನೀರಾದರೆ ಎರಡು ಲೀಟರಿನ ಚೀಲಗಳನ್ನು ಹೊತ್ತು ತಂದು ಪ್ರತಿ ಕಂಬಕ್ಕೂ ತುಂಬಬೇಕು. ಹೀಗಾಗಿ ವರ್ಷದೊಳಗೆ ಎಲ್ಲ ಕಡೆ ಪುಡಿ ಬಂತು. ಹುನಗುಂದದ ದಾರಿಯ ಪೆಟ್ಟಿಗೆಗಳಿಗೆ ಮಾತ್ರ ಬಂದಿರಲಿಲ್ಲ; ಅಲ್ಲಿ ಹಳೆಯ ಚೀಲಗಳೇ ನೇತಾಡುತ್ತಿದ್ದವು.

ಕೊಠಡಿಯಲ್ಲಿ ಒಂದು ಪದ್ಧತಿ ಇತ್ತು. ಬಾಗಿಲ ಪಕ್ಕ ಕಂಚಿನ ಗಂಟೆಯೊಂದನ್ನು ತೂಗುಹಾಕಿದ್ದರು. ಗಾಯಾಳುವಿನ ಒತ್ತಡ ತೊಂಬತ್ತು ದಾಟಿ ಹತ್ತು ನಿಮಿಷ ನಿಂತರೆ ಗುಂಡಿ ಒತ್ತಿದವರು ಎದ್ದು ಹೋಗಿ ಗಂಟೆ ಬಾರಿಸಬೇಕು. ಎಲ್ಲರಿಗೂ ಒಂದೊಂದು ಪೇಢೆ. ಆಮೇಲೆ ಕಡತ ಮುಚ್ಚುವುದು. ಆ ಗಂಟೆ ತಂದವರು ಕೊಠಡಿಯ ಮುಖ್ಯಸ್ಥ ಡಾಕ್ಟರ್ ಇಮಾಮಹುಸೇನ ನದಾಫ. ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಅವರ ತಮ್ಮ ಲಾರಿಯಡಿ ಸಿಕ್ಕು, ಅಂಬುಲೆನ್ಸಿನ ದಾರಿ ಕಾಯುತ್ತಾ ಅಣ್ಣನ ತೊಡೆಯ ಮೇಲೆಯೇ ತಣ್ಣಗಾಗಿದ್ದ. ಗಂಟೆ ಕೇಳಿದಾಗಲೆಲ್ಲ ಅವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು.

ಆ ದಿನ ಮಧ್ಯಾಹ್ನ ಬಾದಾಮಿಯ ದಾರಿಯಲ್ಲಿ ಟಂಟಂ ರಿಕ್ಷಾ ಒಂದು ಉರುಳಿತು. ಬನಶಂಕರಿಗೆ ಹೋಗಿ ಮರಳುತ್ತಿದ್ದ ಹೆಂಗಸರು. ಯಾರೋ ದಾರಿಹೋಕ ಪೆಟ್ಟಿಗೆ ತೆರೆದ. ಕ್ಯಾಮೆರಾ ಮೊದಲು ತೋರಿಸಿದ್ದು ಮುಖವನ್ನಲ್ಲ, ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ ಒಂದು ಕೈಯನ್ನು. ಹೆಬ್ಬೆರಳ ಬುಡದಲ್ಲಿ, ಲಾಳಿಯ ಹಗ್ಗ ಎಳೆದೆಳೆದು ಕಟ್ಟಿದ ಹುಣಸೆಬೀಜದಷ್ಟು ಗಂಟು. ಸಾವಂತ್ರಿ ಹುಟ್ಟಿದಂದಿನಿಂದ ಆ ಗಂಟಿನ ಒರಟನ್ನು ಕೆನ್ನೆಯ ಮೇಲೆ ಬಲ್ಲಳು.

ಒತ್ತಡ ಐವತ್ತೆರಡು. ಅವಳು ಗುಂಡಿ ಒತ್ತಿದಳು. ಪುಸ್ತಿಕೆ ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. ಒತ್ತಡ ಅರವತ್ತು, ಎಪ್ಪತ್ತೊಂದು, ತೊಂಬತ್ತನಾಲ್ಕು. ಹನ್ನೊಂದು ನಿಮಿಷ. ಅವಳು ಪರದೆ ಬಿಟ್ಟು ಏಳಲಿಲ್ಲ. ಪಕ್ಕದ ಮೇಜಿನ ಯಂಕಪ್ಪ ಎದ್ದು ಹೋಗಿ ಬಾರಿಸಿದ. "ತಗೋ ಸಾವಂತ್ರಿ, ನಿನ್ನ ಪೇಢೆ. ಇವತ್ತ ಎರಡು ತಗೋ," ಎಂದ. ಅವಳು ಎರಡನ್ನೂ ತಿಂದಳು. ಅಷ್ಟು ಸಿಹಿಯಾದದ್ದನ್ನು ಹಿಂದೆಂದೂ ತಿಂದಿರಲಿಲ್ಲ.

ಮೂರು ವಾರಕ್ಕೆ ಕಲ್ಲವ್ವ ಮನೆಗೆ ಬಂದಳು. ಐದನೆಯ ವಾರ ತುರಿಕೆ ಶುರುವಾಯಿತು.

ಮೊದಮೊದಲು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಮಗ್ಗದ ಮನೆಯವರಿಗೆ ತುರಿಕೆ ಹೊಸದಲ್ಲ. ಬಣ್ಣ ತುರಿಸುತ್ತದೆ, ನೂಲಿನ ಧೂಳು ತುರಿಸುತ್ತದೆ. "ಮೂರು ವಾರ ಮಗ್ಗ ಬಿಟ್ಟಿದ್ದಿ, ಮೈ ಅದನ್ನ ಮರತೈತಿ, ಅದಕ್ಕ" ಎಂದು ಓಣಿಯ ಹೆಂಗಸರು ತೀರ್ಪು ಕೊಟ್ಟರು. ಬೇವಿನ ಸೊಪ್ಪಿನ ನೀರಾಯಿತು, ಕೊಬ್ಬರಿ ಎಣ್ಣೆಯಾಯಿತು. ಆದರೆ ಈ ತುರಿಕೆ ಚರ್ಮದ ಮೇಲಿರಲಿಲ್ಲ. ಗುಳ್ಳೆಯಿಲ್ಲ, ಕೆಂಪಿಲ್ಲ. ಬೆಚ್ಚನೆಯ ನೀರು ಬಿದ್ದರೆ ಸಾಕು, ಕಲ್ಲವ್ವ ಬಚ್ಚಲಲ್ಲಿ ಹಲ್ಲು ಕಚ್ಚಿ ಅಳುತ್ತಿದ್ದಳು. ಒಂದು ದಿನ ಸಾವಂತ್ರಿ ಮನೆಗೆ ಬಂದಾಗ ಅವ್ವ ಮಗ್ಗದ ಹಣಿಗೆಯ ಮುರಿದ ತುಂಡಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಕುಪ್ಪಸದ ಮೇಲೆ ರಕ್ತದ ಗೆರೆಗಳು ಸಾಲಾಗಿ ಮೂಡಿದ್ದವು, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಂತೆ.

"ಅವ್ವಾ, ಏನ ಮಾಡಾಕತ್ತೀ!"

"ಒಳಗ ಇರಿವಿ ಬಿಟ್ಟಂಗ ಐತೆವಾ. ಎಲ್ಲಿ ಅಂತ ಕೈಗೆ ಸಿಗವೊಲ್ದು."

ಅಂಗಳದಲ್ಲಿ ಆಯಿ ಹೊಸ ಬಟ್ಟೆಯೊಂದನ್ನು ಹರಡಿಕೊಂಡು ಕುಳಿತಿದ್ದಳು. ನೇಯುವ ಮುಂಚೆ ಹಾಸಿನ ನೂಲಿಗೆ ಗಂಜಿ ಹಾಕುತ್ತಾರೆ, ಇಲ್ಲದಿದ್ದರೆ ಎಳೆ ಮಗ್ಗದ ಪೆಟ್ಟು ತಾಳುವುದಿಲ್ಲ. ನೇಯ್ದ ಮೇಲೆ ಆ ಗಂಜಿ ಇಳಿಸಬೇಕು. ಇಳಿಯಿತೋ ಇಲ್ಲವೋ ನೋಡಲು ಆಯಿ ಬೆರಳು ಅದ್ದಿ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡುತ್ತಿದ್ದಳು. ಹನಿ ಮುತ್ತಿನಂತೆ ನಿಂತರೆ ಗಂಜಿ ಇನ್ನೂ ಇದೆ. ಬಟ್ಟೆ ಹನಿಯನ್ನು ಕುಡಿದರೆ ಹೋಗಿದೆ.

ಈಗ ಬಿಟ್ಟ ಹನಿ ನಿಂತಿತ್ತು. "ಮೂರು ಸಲ ಒಗದೀನಿ, ಇನ್ನಾ ಕುಂತೈತಿ ನೋಡು ಭಾಡ್ಯಾ," ಎಂದು ಆಯಿ ಗೊಣಗಿದಳು. "ಹಾಕೂದು ಒಂದು ತಾಸಿನ ಕೆಲಸ. ತಗ್ಯೂದು ಯಾರಿಗಿ ಬೇಕು?"

ಸಾವಂತ್ರಿ ಆ ಹನಿಯನ್ನೇ ನೋಡುತ್ತ ನಿಂತಳು. ಆಮೇಲೆ ಅವಳ ಕಣ್ಣು ಅವ್ವನ ಪಾದಗಳ ಮೇಲೆ ಬಿತ್ತು. ಬಾತಿದ್ದವು. ಬೆರಳಿಂದ ಒತ್ತಿದಳು. ಕುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು.

"ಅವ್ವಾ, ಕಾಲ್ಮಡಿ ಸರಿ ಹೋಗ್ತೀ ಏನು?"

"ಮುಂಜಾನೆ ಒಮ್ಮೆ ಹೋಗಿದ್ದೆ," ಎಂದಳು ಕಲ್ಲವ್ವ. ಸ್ವಲ್ಪ ಯೋಚಿಸಿ, "ನಿನ್ನೆ ಮುಂಜಾನೆ," ಎಂದಳು.

ಮರುದಿನ ಆಸ್ಪತ್ರೆಯವರು ಎರಡೂ ಮೂತ್ರಪಿಂಡ ಸೋತಿವೆ ಎಂದರು. ವಾರಕ್ಕೆ ಎರಡು ಸಲ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಬೇಕು. ಯಾತರಿಂದ ಹೀಗಾಯಿತು ಎಂದು ಕೇಳಿದರೆ, "ಅಷ್ಟು ರಕ್ತ ಹೋಗಿತ್ತಲ್ಲ, ಅದಕ್ಕೇ ಇರಬೇಕು" ಎಂದರು. ಇರಬಹುದು. ಅದೂ ಸುಳ್ಳಲ್ಲ. ಆ 'ಇರಬೇಕು' ಎಂಬ ಮಾತನ್ನು ಹೊತ್ತು ಸಾವಂತ್ರಿ ನದಾಫರ ಮೇಜಿಗೆ ಹೋದಳು.

"ಸರ್, ನಾವು ಕೊಟ್ಟ ಗಂಜಿ ಎಲ್ಲಿ ಹೋಗತೈತಿ?"

ನದಾಫರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಒಡದು ಸಕ್ಕರಿ ಆಗತೈತಿ. ಉಳಿದದ್ದು ಮೂತ್ರದಾಗ ಹೋಗತೈತಿ. ಇಪ್ಪತ್ನಾಕು ತಾಸು. ಪುಸ್ತಿಕೆ ಓದಿಲ್ಲೇನು?"

"ಓದೀನಿ ಸರ್. ಅದನ್ನ ನೋಡಿದ್ದು ನಲವತ್ತು ಹುಡುಗರ ಮ್ಯಾಲ. ಗಟ್ಟಿಮುಟ್ಟ ಇದ್ದವ್ರು, ಹಾಸಿಗೀ ಮ್ಯಾಲ ಮಲಗಿದವ್ರು. ಒಂದು ಹನಿ ರಕ್ತ ಹೋಗಿರಲಿಲ್ಲ ಅವ್ರಿಗೆ. ನಾವು ಕೊಡೂದು ಅರ್ಧ ರಕ್ತ ಸುರದವ್ರಿಗೆ. ಅವ್ರ ಮೂತ್ರಪಿಂಡ ಮೊದಲಽ ಒಣಗಿ ಕುಂತಿರತಾವ. ಮೋರಿನಽ ಕಟ್ಟಿದ್ರ ನೀರು ಎಲ್ಲಿಂದ ಹೋಗಬೇಕು?"

"ನಿಮ್ಮವ್ವಗ ಹಿಂಗಾತಂತ ನಿನಗ ಹಂಗ ಅನಸಾಕತ್ತೈತಿ."

"ಹೌದು ಸರ್. ಅದಕ್ಕಽ ಅನಸಾಕತ್ತೈತಿ. ಉಳಿದವ್ರಿಗೆ ಏನಾಗೈತಿ, ಹೇಳ್ರಿ?"

ನದಾಫರು ಪರದೆಯತ್ತ ತಿರುಗಿದರು. ಕಡತಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮುಂದೂ ಗಂಟೆಯ ಚಿಕ್ಕ ಚಿತ್ರ. ಅವರು ಒಂದನ್ನು ತೆರೆದರು. ಹೆಸರು, ಜಾಗ, ಒತ್ತಡ, ಗಂಟೆ ಬಾರಿಸಿದ ಹೊತ್ತು. ಅಷ್ಟೇ. ಇನ್ನೊಂದು ತೆರೆದರು. ಅಷ್ಟೇ. ಕೆಳಗೆ ಬಿಳಿ ಪರದೆ. ಎರಡು ವರ್ಷಗಳಿಂದ ಇಡೀ ಕೊಠಡಿ ಗಂಟೆಗಳನ್ನು ಎಣಿಸಿತ್ತು. ಗಂಟೆಯ ಆಚೆ ಒಂದು ದಿನವನ್ನೂ ಯಾರೂ ನೋಡಿರಲಿಲ್ಲ.

"ಗಂಟಿ ಬಾರಿಸಿದ ಮ್ಯಾಲ ಅವರು ಆಸ್ಪತ್ರಿಯವ್ರ ಪಾಲು," ಎಂದರು ನದಾಫರು, ತಮಗೇ ಹೇಳಿಕೊಂಡಂತೆ. ಆಸ್ಪತ್ರೆಯವರಿಗೆ ದಾರಿಯಲ್ಲಿ ಏನು ಕೊಟ್ಟರೆಂದು ಗೊತ್ತಿರಲಿಲ್ಲ. ದಾರಿಯವರಿಗೆ ಆಸ್ಪತ್ರೆಯಲ್ಲಿ ಏನಾಯಿತೆಂದು ಗೊತ್ತಿರಲಿಲ್ಲ.

ಯಂಕಪ್ಪ ಅತ್ತ ಕಡೆಯಿಂದ ಕೂಗಿದ: "ಏ ಸಾವಂತ್ರಿ, ಸತ್ತಿದ್ದವ್ರನ್ನ ಎಬ್ಬಿಸೀವಿ, ಅವ್ರ ಮೈ ತುರಸ್ತೈತಂತ ಬ್ಯಾರೆ ವಿಚಾರ ಮಾಡೂಣೇನು?" ಯಾರೂ ನಗಲಿಲ್ಲ.

ರಕ್ತ ತೊಳೆಯುವ ಯಂತ್ರದ ಪಕ್ಕ ಕಲ್ಲವ್ವ ಮಲಗಿದ್ದಳು. ಕೊಳವೆಯಲ್ಲಿ ಅವಳ ರಕ್ತ ಹೋಗುವುದನ್ನೂ ಬರುವುದನ್ನೂ ಸಾವಂತ್ರಿ ನೋಡುತ್ತಿದ್ದಳು. ಲಾಳಿ ಹೋಗಿ ಬಂದಂತೆ. ಆ ವಾರ್ಡಿನಲ್ಲಿ ಒಟ್ಟು ಆರು ಮಂಚ. ಎದುರಿನ ಮಂಚದ ಲಾರಿ ಚಾಲಕ ಭುಜವನ್ನು ಗೋಡೆಗೆ ಉಜ್ಜುತ್ತಿದ್ದ. ಕಿಟಕಿಯ ಬಳಿಯ ಹೆಂಗಸು ಬಾಚಣಿಗೆಯಿಂದ ಅಂಗಾಲು ಕೆರೆದುಕೊಳ್ಳುತ್ತಿದ್ದಳು.

"ಅವರೂ ಪೆಟ್ಟಿಗಿ ಮಂದಿನಽ," ಎಂದಳು ಕಲ್ಲವ್ವ ಮೆಲ್ಲಗೆ. "ನಾ ಕೇಳಿದೆ. ನನಗೊಬ್ಬಾಕಿಗೆ ಆಗಿದ್ರ ನನ್ನ ಹಣಿಬರಾ ಅಂತಿದ್ದೆ. ಮೂರು ಮಂದಿ ಹಣಿಬರಾ ಒಂದಽ ನಮೂನಿ ಹ್ಯಾಂಗಿರತೈತಿ? ನೀ ಎಲ್ಲಾರನೂ ಕೇಳು. ಒಬ್ರನೂ ಬಿಡಬ್ಯಾಡ. ಕೈ ಮ್ಯಾಲ ಕೈ ಇಟ್ಟು ಹೇಳು."

ಗಂಟುಗಟ್ಟಿದ ಆ ಕೈಯ ಮೇಲೆ ಸಾವಂತ್ರಿ ಕೈ ಇಟ್ಟಳು. "ಎಲ್ಲಾರನೂ ಕೇಳತೀನಿ. ಒಬ್ರನೂ ಬಿಡೂದಿಲ್ಲ."

ಪಟ್ಟಿ ತೆಗೆದಳು. ಗಾಯವಾಗಿ ತೊಂಬತ್ತು ದಿನ ತುಂಬಿದವರು ಅಥವಾ ತುಂಬಲಿರುವವರು, ಗಂಜಿ ಪಡೆದವರು ಐವತ್ತೆಂಟು. ಹಾಗೆಯೇ ಹುನಗುಂದದ ದಾರಿಯಲ್ಲಿ ಉಪ್ಪುನೀರು ಪಡೆದವರು ಐವತ್ತೊಂದು. ಅಂಥದೇ ಹೆದ್ದಾರಿ, ಒಂದೇ ಬಿಸಿಲು, ಅವೇ ಲಾರಿಗಳು. ಬೇರೆಯಾಗಿದ್ದದ್ದು ಪೆಟ್ಟಿಗೆಯೊಳಗಿನದು ಮಾತ್ರ. ಐದು ಪ್ರಶ್ನೆ ಬರೆದುಕೊಂಡಳು. ಬದುಕಿದ್ದೀರಾ ಎಂಬುದು ಮೊದಲನೆಯದು; ಅದನ್ನು ಹೇಗೆ ಕೇಳುವುದೋ ತಿಳಿಯದೆ 'ಹ್ಯಾಂಗದೀರಿ' ಎಂದು ಬದಲಿಸಿದಳು. ಆಮೇಲೆ ತುರಿಕೆ, ಮೂತ್ರ, ಮೊದಲಿನ ಕೆಲಸಕ್ಕೆ ಮರಳಿದಿರಾ. ಕೊನೆಯದು: ನಿಮ್ಮ ಮೈಗೆ ಏನು ಹಾಕಿದರೆಂದು ಯಾರಾದರೂ ನಿಮಗೆ ಹೇಳಿದರೇ?

ಊಟದ ಬಿಡುವಿನಲ್ಲಿ ಫೋನು, ರಜೆಯ ದಿನ ಬಸ್ಸು. ಮೂರನೆಯ ಕರೆಯನ್ನು ಒಬ್ಬ ಹೆಂಗಸು ಎತ್ತಿದಳು. "ಅವ್ರು ಹೋಗಿ ಎರಡು ತಿಂಗಳಾತ್ರಿ. ಕಾಲ್ಮಡಿ ನಿಂತಿತ್ತು. ತಾವು ಯಾರು?" ಸಾವಂತ್ರಿ ಪರದೆಯಲ್ಲಿ ಆ ಹೆಸರು ಹುಡುಕಿ ಕಡತ ನೋಡಿದಳು. ಆ ಗಂಟೆ ಬಾರಿಸಿದ್ದು ಅವಳೇ. ಅಂದು ಪೇಢೆ ಮುಗಿದಿದ್ದವೆಂದು ಯಂಕಪ್ಪ ಓಡಿಹೋಗಿ ಚುರುಮುರಿ ತಂದಿದ್ದ, ಅದೂ ನೆನಪಿತ್ತು.

ಇಳಕಲ್ಲಿನ ಶಾಲೆಯ ಮಾಸ್ತರರೊಬ್ಬರು ಉಪ್ಪುನೀರಿನವರು. ಗಂಟೆ ಬಾರಿಸಲು ಇಪ್ಪತ್ತಾರು ನಿಮಿಷ ಹಿಡಿದಿತ್ತು, ಮೈಯೆಲ್ಲ ಬಾತುಹೋಗಿತ್ತು. "ವಾರ ಕುಂಬಳಕಾಯಿ ಆಗಿದ್ನವಾ," ಎಂದು ನಕ್ಕರು. "ಆಮ್ಯಾಲ ಎಲ್ಲಾ ಇಳದು ಹೋತು. ಈಗ ಸೈಕಲ್ಲ ಹೊಡೀತೀನಿ." ಅವರ ನಗುವನ್ನು ಬರೆದುಕೊಳ್ಳಲು ಕಾಗದದಲ್ಲಿ ಜಾಗವಿರಲಿಲ್ಲ; ಸಾವಂತ್ರಿ ಅಂಚಿನಲ್ಲಿ ಬರೆದುಕೊಂಡಳು.

ಒಬ್ಬನ ಹೆಸರೇ ಇರಲಿಲ್ಲ. 'ಗಂಡಸು, ಸುಮಾರು ಐವತ್ತು, ಕರಿಕಂಬಳಿ' ಎಂದಷ್ಟೇ ಕಡತ ಹೇಳುತ್ತಿತ್ತು. ಕುರಿಹಿಂಡಿನ ಮೇಲೆ ಲಾರಿ ಹಾಯ್ದ ಪ್ರಕರಣ. ಆಸ್ಪತ್ರೆಯಿಂದ ಐದನೆಯ ದಿನ ಎದ್ದು ಹೋದವನು ತನ್ನ ಹಿಂಡು ಸೇರಿದ್ದ. ಹಿಂಡು ಈಗ ಎಲ್ಲಿದೆಯೆಂದು ಹಿಂಡಿನವರಿಗಷ್ಟೇ ಗೊತ್ತು. ನಾಲ್ಕು ಭಾನುವಾರ ಅವಳು ಹೊಲದಿಂದ ಹೊಲಕ್ಕೆ ಕೇಳುತ್ತ ಅಲೆದಳು. ಐದನೆಯ ಭಾನುವಾರ, ಅಮೀನಗಡದ ಆಚೆ, ಗೊಬ್ಬರಕ್ಕೆಂದು ಕುರಿ ತರುಬಿದ್ದ ಹೊಲವೊಂದರಲ್ಲಿ ಒಬ್ಬ ಜಾಲಿಮರಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದ. ಹೆಸರು ಕೇಳುವ ಮೊದಲೇ ಅವಳಿಗೆ ತಿಳಿಯಿತು.

ಹೆಸರು ಹಾಲಪ್ಪ. ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ. ತುರಿಕೆ ಉಂಟು, ಮೂತ್ರ ಪರವಾಗಿಲ್ಲ. ಐದನೆಯ ಪ್ರಶ್ನೆಗೆ ಅವನು ಉಜ್ಜುವುದನ್ನು ನಿಲ್ಲಿಸಿದ.

"ತಂಗೀ, ಕುರಿಗೆ ಸೂಜಿ ಹಾಕಿದ್ರೂ ದನದ ಡಾಕ್ಟರ ಮರುದಿನ ಬಂದು ಬಾಲಾ ಎತ್ತಿ ನೋಡತಾನ. ನನ್ನ ನೋಡಾಕ ಬಂದಾಕಿ ನೀನಽ ಮೊದಲು." ಕೋಪದಿಂದ ಹೇಳಲಿಲ್ಲ. ಕಂಬಳಿ ಹಾಸಿ, "ಕುಂದ್ರು, ಬಿಸಲಾಗ ಬಂದಿ, ಹಾಲು ಕುಡಿ," ಎಂದ. ಸಾವಂತ್ರಿ ಹಾಲು ಕುಡಿದು, ಕಂಬಳಿಯ ಮೇಲೆ ಕುಳಿತು, ಬಹಳ ದಿನಗಳ ಮೇಲೆ ಅತ್ತಳು. ಹಾಲಪ್ಪ ಅತ್ತ ತಿರುಗಿ ಕುರಿ ಎಣಿಸುವವನಂತೆ ನಿಂತ.

ಸೋಮವಾರ ಬೆಳಿಗ್ಗೆ ಕಾಗದಗಳನ್ನು ನದಾಫರ ಮೇಜಿನ ಮೇಲಿಟ್ಟಳು. ಅವರು ಓದುವಾಗ ಬಾಗಿಲ ಬಳಿಯ ಗಂಟೆ ಬಾರಿಸಿತು. ಈ ಸಲ ಅವರು ಕಣ್ಣು ಮುಚ್ಚಲಿಲ್ಲ.

ಗಂಜಿಯವರಿಗೆ ಗಂಟೆ ಬೇಗ ಬಾರಿಸಿತ್ತು, ಹೆಚ್ಚೂ ಬಾರಿಸಿತ್ತು: ಐವತ್ತೆಂಟರಲ್ಲಿ ಐವತ್ತೈದು. ಉಪ್ಪುನೀರಿನವರಿಗೆ ಐವತ್ತೊಂದರಲ್ಲಿ ನಲವತ್ತಾರು. ಆದರೆ ತೊಂಬತ್ತನೆಯ ದಿನ ಉಪ್ಪುನೀರಿನವರಲ್ಲಿ ನಲವತ್ತೊಂದು ಮಂದಿ ಬದುಕಿದ್ದರು, ಮೂವರು ಯಂತ್ರದ ಮೇಲೆ. ಗಂಜಿಯವರಲ್ಲಿ ವಿಚಾರಿಸಿದ ಐವತ್ತೇಳರಲ್ಲಿ ಮೂವತ್ತೆಂಟು ಮಂದಿ ಬದುಕಿದ್ದರು. ಅವರಲ್ಲಿ ಹನ್ನೆರಡು ಯಂತ್ರದ ಮೇಲೆ. ಇಪ್ಪತ್ತೈದು ಮಂದಿ ನಿದ್ದೆಯಿಲ್ಲದೆ ಕೆರೆದುಕೊಳ್ಳುತ್ತಿದ್ದರು.

"ಸಂಖ್ಯೆ ಸಣ್ಣದು," ಎಂದರು ನದಾಫರು. ಕಾಗದ ತಿರುವಿ, "ಇದಕ್ಕಿಂತ ದೊಡ್ಡದಾಗೂತನಕ ಕಾಯಬೇಕು ಅಂದ್ರ ಇನ್ನೊಂದಿಷ್ಟು ಮಂದಿಗೆ ಹಾಕಬೇಕು," ಎಂದರು.

"ಹೌದು ಸರ್."

"ನನ್ನ ತಮ್ಮಗ ಆವತ್ತು ಇದು ಸಿಕ್ಕಿದ್ರ ಅಂತ ದಿನಾ ಅನ್ಕೊಂತಿದ್ದೆ ನಾನು. ಗಂಟಿ ಬಾರಿಸಿದಾಗೆಲ್ಲಾ ಅವ ಎದ್ದು ಕುಂತಂಗ ಆಗತಿತ್ತು." ಅವರು ಕಾಗದವನ್ನು ನೇರ ಮಾಡಿದರು, ಮತ್ತೆ ನೇರ ಮಾಡಿದರು. "ಪುಡಿಗೆ ಬೀಗ ಹಾಕೂ ಅಧಿಕಾರ ನನಗೈತಿ. ಆದ್ರ ಖಾಲಿ ಪೆಟ್ಟಿಗಿ ಇಟ್ಟು ಬೀಗ ಹಾಕಿದ್ರ ದಾರ್ಯಾಗ ಮಂದಿ ಸಾಯತಾರ. ಮೊದಲು ಚೀಲ ಹೋಗಬೇಕು."

"ನಾ ಒಯ್ಯತೀನ್ರಿ," ಎಂದ ಯಂಕಪ್ಪ. ಅವನು ಯಾವಾಗ ಬಂದು ಹಿಂದೆ ನಿಂತಿದ್ದನೋ. "ಉಗ್ರಾಣದಾಗ ಹಳೇ ಚೀಲ ಅದಾವ, ತಾರೀಖು ಇನ್ನಾ ಮುಗದಿಲ್ಲ. ಎರಡು ಗಾಡಿ ಮಾಡಿದ್ರ ಮೂರು ದಿನದಾಗ ಎಲ್ಲಾ ಕಂಬಾ ಮುಗೀತಾವ." ಸಾವಂತ್ರಿಯ ಮುಖ ನೋಡದೆ, "ಚುರುಮುರಿ ನಾನಽ ತಂದಿದ್ದೆ ಆವತ್ತ," ಎಂದ.

ನದಾಫರ ಬೆರಳು ಪಟ್ಟಿಯ ಒಂದು ಸಾಲಿನ ಮೇಲೆ ನಿಂತಿತ್ತು. "ಇದು ಖಾಲಿ ಐತಿ. ಮೂವತ್ತಾರನೇದು."

ಆ ಸಾಲಿನ ಹೆಸರು ಕಲ್ಲವ್ವ.

"ಮ್ಯಾಲಿನವ್ರು ಇದನ್ನ ಓದತಾರ. ಕಂಪನಿಯವ್ರೂ ಓದತಾರ. ಒಂದು ಖಾಲಿ ಇದ್ರ ಸಾಕು, ಎಲ್ಲಾರೂ ಆ ಖಾಲಿಯೊಳಗ ಹೊಕ್ಕೊಂಡು ಕುಂದರತಾರ. ಐವತ್ತೇಳಲ್ಲ, ಐವತ್ತೆಂಟು ಬೇಕು ನನಗ. ಚೀಲ ಮುಟ್ಟೂದ್ರಾಗ ಮುಗಿಸು." ಆಮೇಲೆ ದನಿ ತಗ್ಗಿಸಿ, "ನಾ ಕೇಳಲೇನು ಅವರನ್ನ?" ಎಂದರು.

"ಬ್ಯಾಡ್ರಿ. ಮಾತು ಕೊಟ್ಟಾಕಿ ನಾನು."

ಮೂರು ದಿನ ಅವಳು ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಬಂದಳು, ಹೋದಳು. ನೂರೆಂಟು ಮನೆಗಳಲ್ಲಿ ಕೇಳಿದ್ದನ್ನು ಒಂದು ಮನೆಯಲ್ಲಿ ಕೇಳಲು ನಾಲಿಗೆ ಏಳಲಿಲ್ಲ. ಉತ್ತರಗಳು ಗೊತ್ತಿದ್ದವು, ತಾನೇ ತುಂಬಬಹುದಿತ್ತು. ಐದನೆಯದನ್ನು ಮಾತ್ರ ತುಂಬಲಾಗದು. ಅದನ್ನು ಕೇಳಿದರೆ ತಾನೂ ಒಂದನ್ನು ಹೇಳಬೇಕು.

ಗುರುವಾರ ಬೆಳಿಗ್ಗೆ ಯಂಕಪ್ಪನ ಸಂದೇಶ ಬಂತು: 'ಕೊನೇ ಕಂಬ ಮುಗೀತು.' ಕಲ್ಲವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ನೇಯಲು ಶಕ್ತಿಯಿರಲಿಲ್ಲ, ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು. ಆಯಿ ಬಾಗಿಲಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಸಾವಂತ್ರಿ ನೆಲದ ಮೇಲೆ, ಅವ್ವನ ಎದುರು, ಕಾಗದ ಹಿಡಿದು ಕುಳಿತಳು.

"ಹ್ಯಾಂಗದೀರಿ?" ಎಂದಳು. ಎಲ್ಲರನ್ನೂ ಕೇಳಿದಂತೆಯೇ.

ಕಲ್ಲವ್ವ ತಲೆಯೆತ್ತಿ ನೋಡಿದಳು. ನಗಲಿಲ್ಲ. ಎಳೆಯನ್ನು ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ಅಧಿಕಾರಿಯ ಮುಂದೆ ಕುಳಿತವಳಂತೆ ಕುಳಿತಳು. "ಅದೀನ್ರಿ," ಎಂದಳು.

ತುರಿಕೆ? ಐತಿ, ಬೆನ್ನು, ತೊಡಿ, ಅಂಗಾಲು. ಮೂತ್ರ? ಇಲ್ಲ, ಯಂತ್ರ ಮಾಡತೈತಿ. ಮೊದಲಿನ ಕೆಲಸ? "ಗಂಟು ಹಾಕತೀನಿ. ನೇಯಾಕ ಆಗೂದಿಲ್ಲ. ಹಂಗಽ ಬರಕೋ."

ಹಾಗೆಯೇ ಬರೆದುಕೊಂಡಳು. ಪೆನ್ನು ಐದನೆಯ ಸಾಲಿಗೆ ಬಂದು ನಿಂತಿತು. ಆಯಿಯ ರಾಟೆಯ ಸದ್ದೂ ನಿಂತಿತು.

"ನಿಮ್ಮ ಮೈಗೆ ಏನು ಹಾಕಿದ್ರು ಅಂತ ಯಾರಾದ್ರೂ ನಿಮಗ ಹೇಳಿದ್ರೇನು?" ಉತ್ತರಕ್ಕೆ ಕಾಯಲಾಗಲಿಲ್ಲ. "ಅವ್ವಾ, ಗುಂಡಿ ಒತ್ತಿದಾಕಿ ನಾನು. ಅವತ್ತ ಆ ಮೇಜಿನ ಮ್ಯಾಲ ನಾನಽ ಇದ್ದೆ. ನಿನ್ನ ಕೈ ನೋಡಿ ಒತ್ತಿಬಿಟ್ಟೆ. ಗಂಟಿ ಬಾರಿಸಿದ ಮ್ಯಾಲ ಪೇಢೆ ತಿಂದೆ. ಎರಡು."

ಕಲ್ಲವ್ವನ ಬೆನ್ನು ತುರಿಸುತ್ತಿತ್ತೇನೋ, ಭುಜ ಒಮ್ಮೆ ಅದುರಿತು. ಕೈ ಹಿಂದೆ ಹೋಗಲಿಲ್ಲ.

"ಗೊತ್ತಿತ್ತು," ಎಂದಳು. "ಪೆಟ್ಟಿಗ್ಯಾಗಿಂದ ದನಿ ಬಂದಿತ್ತಲ್ಲ. 'ಅವ್ವಾ, ಅಲಗಾಡಬ್ಯಾಡ, ನಾ ಅದೀನಿ' ಅಂತ. ನಾ ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ."

"ಗೊತ್ತಿದ್ದೂ ಇಷ್ಟು ದಿನ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಹೊರಗೆ ಓಣಿಯಲ್ಲಿ ಯಾರೋ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದರು. ಕುಂಚದ ಸಪ್ಪಳ ಗೋಡೆಯ ಮೂಲಕ ಬರುತ್ತಿತ್ತು. ಕಲ್ಲವ್ವ ಮುಂದಕ್ಕೆ ಬಾಗಿ, ಗಂಟುಗಟ್ಟಿದ ಬೆರಳನ್ನು ಕಾಗದದ ಖಾಲಿ ಸಾಲಿನ ಮೇಲಿಟ್ಟಳು.

"ಬರಿ. ತೊಂಬತ್ತು ದಿನ ಯಾರೂ ಹೇಳಲಿಲ್ಲ. ಆಮ್ಯಾಲ ಮಗಳು ಹೇಳಿದಳು."

ಸಾವಂತ್ರಿ ಬರೆದಳು. ಅಕ್ಷರ ನೆಟ್ಟಗೆ ಬರಲಿಲ್ಲ, ಆದರೂ ಓದುವಂತಿತ್ತು. ಫೋನಿನಲ್ಲಿ ಚಿತ್ರ ತೆಗೆದು ನದಾಫರಿಗೆ ಕಳಿಸಿದಳು. ಅವರು ಅದಕ್ಕಾಗಿಯೇ ಕಾದಿದ್ದರೋ ಏನೋ, ಎರಡು ನಿಮಿಷದಲ್ಲಿ ಉತ್ತರ ಬಂತು: 'ಪುಡಿಗೆ ಬೀಗ ಬಿತ್ತು. ಎಲ್ಲಾ ಪೆಟ್ಟಿಗ್ಯಾಗೂ.'

ಯಾವ ಗಂಟೆಯೂ ಬಾರಿಸಲಿಲ್ಲ. ಹನ್ನೊಂದಕ್ಕೆ ಆಸ್ಪತ್ರೆಯ ಗಾಡಿ ಬರುವುದಿತ್ತು, ಅವ್ವನ ಯಂತ್ರದ ಸರದಿ. ಅವಳ ಪಾದಗಳಲ್ಲಿ ನಿಂತ ನೀರು ಈ ಬೀಗದಿಂದ ಇಳಿಯುವಂಥದ್ದಲ್ಲ.

ಬಾಗಿಲಿನಿಂದ ಆಯಿ ಕೇಳಿದಳು: "ಎಲ್ಲಾರನೂ ಕೇಳಿದಿ?"

"ಎಲ್ಲಾರನೂ, ಆಯಿ," ಎಂದಳು ಸಾವಂತ್ರಿ, ಪೆನ್ನಿನ ಮುಚ್ಚಳ ಹಾಕುತ್ತ. "ಒಬ್ರನೂ ಬಿಟ್ಟಿಲ್ಲ."